ಹದಿನಾಲ್ಕನೇ ಪುಟ

ಮನೆಯಿಂದ,
೯ ಮಾರ್ಚ್, ಭಾನುವಾರ ಬೆಳಿಗ್ಗೆ

ಪ್ರೀತಿಯ ಗುಬ್ಬೀ,

ಕೆಮ್ಮು ಕಡಿಮೆಯಾಯಿತೇ? ಫೋನಿನಲ್ಲಿ ನಿನ್ನ ದನಿ ಕೇಳಿದಾಗಲೇ, ಊಟ ಬಿಟ್ಟು ಆಸ್ಪತ್ರೆಯಲ್ಲೇ ಕೂತಿದ್ದೀಯೆಂದು ಗೊತ್ತಾಯಿತು. ಹೊತ್ತು ಹೊತ್ತಿಗೆ ಉಣ್ಣು. ನನ್ನ ಮಂಡಿ ಹಾಗೇ ಇದೆ; ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಸಮನೆಲದಲ್ಲಿ ಹೇಳಿದ ಮಾತು ಕೇಳುತ್ತದೆ.

ನಿನ್ನ ಲೇಖನ ತಲುಪಿತು. ಮಕ್ಕಳ ಡಾಕ್ಟರಾದ ಮೊಮ್ಮಗಳ ಮೊದಲ ಲೇಖನ, ಕನ್ನಡಕ ಒರೆಸಿಕೊಂಡು ಕೂತೆ. ನಾನು ಕೊನೆಯಿಂದ ಓದುವವಳು. ಅಜ್ಜನ ವೈದ್ಯಕೀಯ ಬರಹವನ್ನೆಲ್ಲ ಟೈಪ್ ಮಾಡಿಕೊಡುತ್ತಿದ್ದ ಕಾಲದ ಚಾಳಿ ಅದು. ಆಧಾರಗಳ ಪಟ್ಟಿ ಸರಿಯಿದ್ದರೆ ಉಳಿದದ್ದನ್ನು ನಂಬುತ್ತೇನೆ. ಪಟ್ಟಿಯಲ್ಲಿ ಅಜ್ಜನ ಹೆಸರಿತ್ತು. ಅವರು ಹೋದ ಮೇಲೆ ಆ ಹೆಸರನ್ನು ಅಚ್ಚಿಗೆ ಕೊಟ್ಟವರನ್ನು ನಾನು ಕಂಡಿರಲಿಲ್ಲ. ತುಂಬ ಅತ್ತೆ. ಪಕ್ಕದ ಮನೆಯವಳನ್ನು ಕರೆದು ತೋರಿಸಿಯೂ ಬಿಟ್ಟೆ.

ಆಮೇಲೆ ಪುಟದ ಸಂಖ್ಯೆ ನೋಡಿದೆ. ಹಿಂದೆ ಯಾರೋ ಅಜ್ಜನ ಲೇಖನವನ್ನು ಉಲ್ಲೇಖಿಸುವಾಗ ಅಂಕಿ ಹಿಂದುಮುಂದು ಮಾಡಿದ್ದರು, ಉಳಿದವರೂ ಅದನ್ನೇ ಇಳಿಸಿಕೊಂಡರು. "ನಾನಿರೋದು ನಲವತ್ತೊಂದನೇ ಪುಟದಲ್ಲಿ ಕಣೇ, ಜನ ಹದಿನಾಲ್ಕಕ್ಕೆ ಹೋಗಿ ಹುಡುಕ್ತಾರೆ. ಅಲ್ಲಿ ಹಲ್ಲುನೋವಿನ ವಿಷಯ ಇದೆ" ಎಂದು ಅಜ್ಜ ನಗುತ್ತಿದ್ದರು. ನೀನೂ ಹದಿನಾಲ್ಕು ಎಂದೇ ಬರೆದಿದ್ದೀಯ. ಅಂದರೆ ಅಜ್ಜನ ಲೇಖನ ತೆರೆದು ನೋಡಿಲ್ಲ. ಕೋಪ ಬಂತು, ಸುಳ್ಳೇಕೆ ಹೇಳಲಿ. ಪ್ರತಿ ನನ್ನ ಬೀರುವಿನಲ್ಲೇ ಇದೆ, ಕೇಳಿದ್ದರೆ ಕೊಡುತ್ತಿರಲಿಲ್ಲವೇ?

ಪುಟ ತಪ್ಪಿದರೆ ತಿದ್ದಬಹುದು. ಆದರೆ ಆ ಹೆಸರನ್ನು ಯಾವ ಮಾತಿಗೆ ಆಧಾರವಾಗಿ ಕೊಟ್ಟಿದ್ದೀಯೆಂದು ನೋಡಿ, ಬೀರು ತೆರೆದು ಅಜ್ಜನ ಲೇಖನ ಹೊರಗೆ ತೆಗೆದೆ. ನೀನು ಬರೆದಿರುವ ಪ್ರಕಾರ, ನೋವು ಕಡಿಮೆ ಮಾಡುವ ಒಂದು ಔಷಧಿ ಇಷ್ಟು ಪ್ರಮಾಣದಲ್ಲಿ ಎಳೆಯ ಮಕ್ಕಳಿಗೂ ಅಪಾಯವಲ್ಲವೆಂದು ಅಜ್ಜ ತೋರಿಸಿದ್ದಾರಂತೆ. ಅವರು ಕೊಟ್ಟು ನೋಡಿದ್ದು ದೊಡ್ಡವರಿಗೆ ಮಾತ್ರ. ಮಕ್ಕಳಿಗೆ ಕೊಟ್ಟು ನೋಡಿಲ್ಲ, ಯಾರೂ ಅಂದಾಜಿನ ಮೇಲೆ ಕೊಡಬಾರದು ಎಂದು ಕೊನೆಯಲ್ಲಿ ಬರೆದಿದ್ದಾರೆ. ಜಾಗ ಸಾಲದೆಂದು ಪತ್ರಿಕೆಯವರು ಆ ಸಾಲು ತೆಗೆಯಲು ಹೇಳಿದಾಗ, "ಬೇರೆ ಏನ್ ಬೇಕಾದ್ರೂ ತೆಗೀಲಿ, ಅದನ್ನ ಮುಟ್ಟೋ ಹಾಗಿಲ್ಲ" ಎಂದು ಹಟ ಹಿಡಿದರು. ಯಾರೋ ಸರಿಯಾಗಿ ಓದದೆ ಬರೆದರು, ಅವರನ್ನು ನೋಡಿ ಮತ್ತೊಬ್ಬರು ಬರೆದರು, ಈಗ ನೀನು. ನಾಳೆ ನಿನ್ನನ್ನು ನಂಬಿ ಯಾವುದೋ ಊರಿನ ಡಾಕ್ಟರು ಒಂದು ಕೂಸಿಗೆ ಔಷಧಿ ಅಳೆಯುತ್ತಾರೆ.

ನಿನ್ನೆ ಫೋನಿನಲ್ಲೇ ಹೇಳಬೇಕೆಂದಿದ್ದೆ. "ಅಜ್ಜೀ, ಅಜ್ಜನ ಹೆಸ್ರು ನೋಡಿದ್ಯಾ?" ಎಂದು ನೀನು ಕೇಳಿದಾಗ, ನೋಡಿದೆ ಎಂದಷ್ಟೇ ಹೇಳಿ ಫೋನಿಟ್ಟೆ.

ನಿನ್ನ ಕೈಗುಣ ಚೆನ್ನಾಗಿರಲಿ. ನಿನ್ನ ಹತ್ತಿರ ಬಂದ ಮಕ್ಕಳೆಲ್ಲ ನಗುತ್ತ ಮನೆಗೆ ಹೋಗಲಿ.

ನಿನ್ನ
ಅಜ್ಜಿ

ತಾ.ಕ.: ಈ ಕಾಗದದ ಮತ್ತು ಅಜ್ಜನ ಲೇಖನದ ಫೋಟೊ ತೆಗೆದು ಪಕ್ಕದ ಮನೆಯವಳು ಈಗಲೇ ನಿನ್ನ ಮೊಬೈಲಿಗೆ ಕಳಿಸುತ್ತಾಳೆ. ನಾಳೆ ಅಚ್ಚಿಗೆ ಹೋಗುತ್ತದೆ ಎಂದಿದ್ದೆಯಲ್ಲ, ಇವತ್ತೇ ಪತ್ರಿಕೆಯವರಿಗೆ ಹೇಳಿ ನಿಲ್ಲಿಸು. ಮಕ್ಕಳಿಗೂ ಅಪಾಯವಲ್ಲವೆಂಬ ನಿನ್ನ ಸಾಲು ತೆಗೆದರೆ ಪಟ್ಟಿಯಿಂದ ಅಜ್ಜನ ಹೆಸರೂ ಹೋಗುತ್ತದೆ, ಅಜ್ಜಿಗೆ ಬೇಜಾರಾಗುತ್ತದೆ ಎಂದು ಹಿಂದೆಮುಂದೆ ನೋಡಬೇಡ. ಬೇಜಾರಾಗುತ್ತದೆ. ತೆಗೆದುಬಿಡು.