‘ಇಲ್ಲ’ ಎನ್ನದ ಅತ್ತೆ

ಮರಳೂರು, ತುಮಕೂರು
೧೨-೧೧-೨೦೨೫

ಪ್ರೀತಿಯ ಪಲ್ಲವಿಯ ಅಪ್ಪನಿಗೆ,

ಹೇಗಿದ್ದೀರಿ? ಸಿಂಧನೂರಿನ ಅಕ್ಕಿ ಮಿಲ್ಲಿನ ದೂಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೇ? ಹೊತ್ತಿಗೆ ಸರಿಯಾಗಿ ಉಣ್ಣಿ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮಮ್ಮ ಪಕ್ಕದಲ್ಲೇ ಕಿವಿ ಕೊಟ್ಟು ಕೂತಿರುತ್ತಾರೆ. ಅದಕ್ಕೇ ಈ ಕಾಗದ.

ಅತ್ತೆಯ ಅಂಗವಿಕಲ ಪಿಂಚಣಿಗೆ ಅಲೆದು ಅಲೆದು ಸಾಕಾಗಿದೆ. ಲಕ್ವ ಹೊಡೆದು ಅವರ ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದು ಬೀದಿಗೆಲ್ಲ ಗೊತ್ತು. ಸರ್ಕಾರಕ್ಕೆ ಮಾತ್ರ ಡಾಕ್ಟರು ಬರೆದುಕೊಡಬೇಕು. ಅಂಗವೈಕಲ್ಯ ಶೇಕಡಾ ನಲವತ್ತಕ್ಕಿಂತ ಕಡಿಮೆ ಎಂದು ಬರೆದರೆ ಏನೂ ಸಿಗುವುದಿಲ್ಲ. ಅಂತೂ ಮೊನ್ನೆ ತಪಾಸಣೆಗೆ ಕರೆದರು. ಆಟೋದಿಂದ ಇಳಿಸುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು. ಇವರು ಮಾತ್ರ ಮೊಳಕಾಲ್ಮುರು ಸೀರೆ ಉಟ್ಟು, ವಿಭೂತಿ ಇಟ್ಟು, ಬೀಗರ ಮನೆಗೆ ಹೊರಟವರ ಹಾಗಿದ್ದರು.

ಡಾಕ್ಟರು ಒಳ್ಳೆಯವರೇ. “ಕೈಯಲ್ಲಿ ಶಕ್ತಿ ಇದ್ಯಾ ಅಮ್ಮ?” ಎಂದರು. ಅತ್ತೆಯ ಸಂಗತಿ ನಿಮಗೆ ಗೊತ್ತಲ್ಲ, ಡಬ್ಬದಲ್ಲಿ ಅಕ್ಕಿ ಮುಗಿದರೂ ‘ಇಲ್ಲ’ ಎನ್ನದೆ ‘ತುಂಬಿದೆ’ ಎನ್ನುವವರು. “ಐತೆ ಕಣಪ್ಪ, ಶಿವ ಕೊಟ್ಟಷ್ಟು ಐತೆ” ಎಂದರು. ನಡೆಯುತ್ತೀರಾ ಎಂದರೆ, “ಅದಕ್ಕೇನ್ ಕಮ್ಮಿ?” ಸಾಲದ್ದಕ್ಕೆ ಸೆರಗಿನ ಮರೆಯಲ್ಲಿ ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು, ಶರಣು ಎಂದು ಕೈಮುಗಿದೇ ಬಿಟ್ಟರು. ನಾನು ಬಾಯಿ ಹಾಕಿದರೆ “ನೀನ್ ಸುಮ್ಕಿರು ಬುಡು” ಎಂದು ಗದರಿದರು. ಡಾಕ್ಟರು ಶೇಕಡಾ ಮೂವತ್ತೈದು ಎಂದು ಬರೆದರು. ಹೊರಗೆ ಬಂದು ಅತ್ತೆ ಎದುರಿಗೇ ಅತ್ತುಬಿಟ್ಟೆ. ಪಿಂಚಣಿ ಬಂದಿದ್ದರೆ ಹಗಲು ನೋಡಿಕೊಳ್ಳಲು ಪಕ್ಕದ ಮನೆ ಅರುಣಾಗೆ ಹೇಳಿ, ನಾನು ಮತ್ತೆ ಗಾರ್ಮೆಂಟ್ಸಿಗೆ ಹೋಗಬಹುದಿತ್ತು.

ಮರುತಪಾಸಣೆಗೆ ಅರ್ಜಿ ಕೊಟ್ಟಿದ್ದೇನೆ, ಸೋಮವಾರ ಬರಲು ಹೇಳಿದ್ದಾರೆ. ಪಲ್ಲವಿ ದಿನಾ ಸಂಜೆ “ಇಲ್ಲ ಅನ್ನು ಅಜ್ಜಿ” ಎಂದು ಮಗ್ಗಿಯ ಹಾಗೆ ಹೇಳಿಕೊಡುತ್ತಾಳೆ. ನಿನ್ನೆ ಅಜ್ಜಿಯ ಕಣ್ಣು ತುಂಬಿ ಬಂತು. “ಅನ್ನಾಕಾಗಲ್ಲ ಕಣೇ. ಮಗ ದೂರದಲ್ಲವ್ನೆ, ಅಸ್ತು ದೇವತೆಗಳು ಅಸ್ತು ಅಂದ್ಬುಟ್ರೆ?” ಎಂದರು. ಆಮೇಲೆ ನನಗೆ ಅವರ ಮೇಲೆ ಕೋಪ ಬರಲಿಲ್ಲ.

ನಿಮಗೆ ಅವರ ಆಶೀರ್ವಾದಗಳು. ಪಲ್ಲವಿಗೆ ಹೊಸ ಕಂಪಾಸ್ ಬಾಕ್ಸ್ ಬೇಕಂತೆ.

ನಿಮ್ಮ
ಸರ್ವಮಂಗಳ

ಮರೆತಿದ್ದೆ: ಭಾನುವಾರ ಬಂದುಬಿಡಿ. ಮಗ ಕಣ್ಣೆದುರು ಇದ್ದರೆ ಅವರು ಆ ಮಾತು ಅಂದಾರು. ಮತ್ತೆ, ನೀವು ಫೋನಿನಲ್ಲಿ ‘ಎಲ್ಲಾ ನಿಭಾಯಿಸ್ತಿದ್ದೀಯಾ?’ ಎಂದಾಗಲೆಲ್ಲ ನಾನು ‘ಹ್ಞೂಂ’ ಎನ್ನುತ್ತಿದ್ದೆನಲ್ಲ, ಅದೂ ನಿಮ್ಮಮ್ಮನ ‘ತುಂಬಿದೆ’ಯೇ. ನನ್ನ ಕೈಲಿ ಆಗ್ತಾ ಇಲ್ಲ. ನೋಡಿ, ನಾನು ಅಂದುಬಿಟ್ಟೆ.