ಬೆನ್ನು ತಿರುಗಿಸಿ ನಿಂತವಳಿಗೆ

ಹುಣಸಿನಾಳ, ಮೇಲಿನ ಊರು
ನಡುಬೇಸಗೆ ಮಾಸ, ಬಹುಳ ಪಂಚಮಿ
(ನಿಮ್ಮ ಲೆಕ್ಕಕ್ಕೆ ಎರಡು ಸಾವಿರದ ನೂರಾ ತೊಂಬತ್ತನಾಲ್ಕನೇ ಇಸವಿ)

ಅವ್ವಾ,

ತಾರೀಖು ನೋಡಿ ಗಾಬರಿಯಾಗಬೇಡ. ನಡುಬೇಸಗೆ ಅನ್ನುವ ತಿಂಗಳು ನಿಮ್ಮ ಪಂಚಾಂಗದಲ್ಲಿ ಇರಲಿಲ್ಲ. ಮಳೆ ಮುಂದೆ ಮುಂದೆ ಸರಿದು ವೈಶಾಖಕ್ಕೂ ಜ್ಯೇಷ್ಠಕ್ಕೂ ನಡುವೆ ಸಂದು ಬಿದ್ದಾಗ ನಮ್ಮ ಹಿರಿಯರು ಅಲ್ಲೊಂದು ತಿಂಗಳು ಕೂಡಿಸಿದರು, ಚಳಿ ಹೇಗೂ ಸಣ್ಣದಾಯಿತಲ್ಲ ಅಂತ ಪುಷ್ಯವನ್ನೂ ಮಾಘವನ್ನೂ ಒಂದೇ ಮಾಡಿದರು. ಇನ್ನೂ ಕೆಲವು ಅಪರಿಚಿತ ಶಬ್ದ ಬರುತ್ತವೆ, ಹೊಟ್ಟೆಗೆ ಹಾಕಿಕೋ. ನಾನು ಊರ ಶಾಲೆಯಲ್ಲಿ ಏಳನೆಯ ಇಯತ್ತೆ ಓದಿದವಳು. ಹೆಸರು ನೀಲಗಂಗವ್ವ, ವಯಸ್ಸು ಐವತ್ತು. ಬೆಳಗಾದರೆ ಹೊಳೆಯವ್ವನ ಗುಡಿ ಕಸ ಹೊಡೆದು ಸಾರಿಸುವುದು ನನ್ನ ಸೇವೆ. ನಿನ್ನ ಹೆಸರು ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ನಾವು ನಿನ್ನನ್ನು ಬೆನ್ನವ್ವ ಅಂತ ಕರೆಯುತ್ತೇವೆ.

ಯಾಕೆಂದರೆ ನಿನ್ನದು ಒಂದೇ ಫೋಟೋ ಉಳಿದಿದೆ, ಅದರಲ್ಲಿ ಕಾಣುವುದು ಬೆನ್ನು ಮಾತ್ರ. ಅಣೆಕಟ್ಟಿಗೆ ಸಾಲ ಕೊಡುವ ದೊಡ್ಡ ಬ್ಯಾಂಕಿನವರು ಕೆಳಗಿನ ಹುಣಸಿನಾಳಕ್ಕೆ ಬಂದ ದಿನದ ಫೋಟೋ ಅದು. ಹೆಣ್ಣುಮಕ್ಕಳನ್ನೆಲ್ಲ ಗುಡಿಯ ಮುಂದೆ ಕರೆದು ಉಡಿ ತುಂಬಿದರು. ತುಂಬಿದ ಉಡಿಯನ್ನು ಯಾರು ಬೇಡ ಅಂದಾರು? ಅದು ದೇವಿಯ ಪ್ರಸಾದವಲ್ಲವೇ? ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ಹಿಡಿದುಕೊಂಡು ಇಪ್ಪತ್ತಮೂರು ಜನ ನಗುತ್ತ ನಿಂತರು. ವರದಿಯಲ್ಲಿ ಫೋಟೋದ ಕೆಳಗೆ ಬರೆದದ್ದು: ‘ಊರಿನ ಮಹಿಳೆಯರು ಸಂತೋಷದಿಂದ ಒಪ್ಪಿಗೆ ನೀಡುತ್ತಿರುವುದು.’ ಊರು ಮುಳುಗಿಸುತ್ತೀರಾ ಎಂದು ಯಾರೂ ಕೇಳಿರಲಿಲ್ಲ, ಮುಳುಗಿಸುತ್ತೇವೆ ಎಂದು ಅವರೂ ಹೇಳಿರಲಿಲ್ಲ. ಉಡಿ ಹಿಡಿದದ್ದೇ ಒಪ್ಪಿಗೆ ಆಯಿತು. ಇಪ್ಪತ್ನಾಲ್ಕನೆಯವಳು ನೀನು.

ನೀರು ಬಂತು, ಊರು ಹೋಯಿತು. ಹೊಳೆಯವ್ವನ ಕಲ್ಲನ್ನು ಹೊತ್ತುಕೊಂಡು ನಿಮ್ಮ ಮಂದಿ ದಿಬ್ಬ ಹತ್ತಿದರು. ಆದರೆ ಮುಂದೆ ಆ ಬ್ಯಾಂಕಿನದೇ ಒಬ್ಬ ತಪಾಸಣೆಯವನು ವರದಿ ತಿರುವಿಹಾಕುತ್ತ, ಎಲ್ಲರೂ ಒಪ್ಪಿದ್ದರೆ ಈಕೆ ಯಾಕೆ ತಿರುಗಿ ನಿಂತಿದ್ದಾಳೆ ಎಂದು ಕೇಳಿದನಂತೆ. ಇಲ್ಲಿಯವರೆಗೂ ಬಂದು ವಿಚಾರಿಸಿದ. ನಿನ್ನ ಮನೆಯವರಿಗೆ ತೊಂದರೆಯಾದೀತು ಎಂದು ಯಾರೂ ಹೆಸರು ಹೇಳಲಿಲ್ಲ. ‘ಒಬ್ಬಳನ್ನು ಕೇಳಿಲ್ಲ’ ಎಂದು ಅವನು ಬರೆದುಕೊಂಡು ಹೋದ. ಆ ಮಾತಿನಿಂದಲೇ ಬೆನ್ನುಕಟ್ಟಳೆ ಬಂತು. ಅಂದರೆ, ಅಣೆಕಟ್ಟಿಗೆ ದುಡ್ಡು ಕೊಡುವ ಮೊದಲು ಒಪ್ಪುಸಭೆ ಕರೆಯಬೇಕು. ನೀರು ಎಲ್ಲಿಯವರೆಗೆ ಬರುತ್ತದೆ, ಮೀನು, ಹೊಲ, ಗೋರಿ, ಗುಡಿ ಏನಾಗುತ್ತವೆ, ಬೇರೆ ದಾರಿ ಇದೆಯೇ ಇಲ್ಲವೇ, ಎಲ್ಲ ಓದಿ ಹೇಳಬೇಕು. ಸಭೆಯಲ್ಲಿ ಒಬ್ಬರು ಮೇಜಿಗೆ ಬೆನ್ನು ಮಾಡಿ ನಿಂತರೂ ಸಾಕು, ದುಡ್ಡು ಅಲ್ಲೇ ನಿಲ್ಲಬೇಕು, ಅಧಿಕಾರಿಗಳು ಅವರ ಮನೆಗೆ ಹೋಗಿ ಕೂತು ಕೇಳಬೇಕು.

ನಾವು ಈಗ ಹೇಗಿದ್ದೇವೆ ಅಂತ ಹೇಳುತ್ತೇನೆ. ಪ್ರತಿ ಮನೆಯ ಕೆಳಗೂ ತಂಪುಗುಳಿ ಇದೆ, ನೆಲದೊಳಗಿನ ಕೋಣೆ. ಹೊತ್ತು ಏರಿದ ಮೇಲೆ ಅಲ್ಲೇ ಬೀಸುವುದು, ಅಲ್ಲೇ ಮಕ್ಕಳ ಶಾಲೆ. ಜಲಾಶಯದ ಮುಕ್ಕಾಲು ಭಾಗ ಹೂಳು ತುಂಬಿದೆ. ನೀರು ಇಳಿದಂತೆ ಹೂಳುಹೊಲ ಬಿತ್ತುತ್ತೇವೆ. ಕಡಲೆ, ಸಜ್ಜೆ, ಕೈಯಗಲದ ಸೌತೆಕಾಯಿ. ಅಲ್ಲಿಗೆ ಹೋಗುವುದು ಗಾಲಿದೋಣಿಯಲ್ಲಿ. ಕೆಸರಿನಲ್ಲಿ ಉರುಳುತ್ತದೆ, ನೀರಿನಲ್ಲಿ ತೇಲುತ್ತದೆ, ಒಮ್ಮೊಮ್ಮೆ ಎರಡೂ ಕಡೆ ಕೈ ಕೊಡುತ್ತದೆ. ನಿನ್ನ ಮನೆಯ ಮೇಲೆಯೇ ನನ್ನ ಕಡಲೆ ಬೆಳೆಯುತ್ತಿರಬಹುದು ಅವ್ವಾ. ಒಂದು ಹಿಡಿ ನಿನ್ನ ಹೆಸರಲ್ಲಿ ಗುಡಿಗೆ ಕೊಡುತ್ತೇನೆ.

ಈಗ ಅಣೆಕಟ್ಟಿಗೆ ದುಡ್ಡು ಕೊಡುವ ಮೂಡಣ ನಿಧಿಯವರು ಬಂದಿದ್ದಾರೆ. ಕಟ್ಟೆಯನ್ನು ಇನ್ನೂ ಎರಡಾಳು ಎತ್ತರಿಸಬೇಕಂತೆ. ಹಾಗಾದರೆ ಹೂಳುಹೊಲವೂ ಹೋಯಿತು, ಮೇಲಿನ ಊರೂ ಹೋಯಿತು, ಹೊಳೆಯವ್ವ ಮತ್ತೆ ಮನೆ ಬಿಟ್ಟು ಹೊರಟಳು. ಪಟ್ಟಣದವರ ಬಾಯಾರಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಹೂಳು ತೆಗೆದರೆ ಎಷ್ಟು ನೀರು ನಿಲ್ಲುತ್ತದೆ, ಅದನ್ನು ಹೇಳಿ ಅಂತ ಕೇಳಿದೆ. ಅವರ ಪುಸ್ತಕದಲ್ಲಿ ‘ಬೇರೆ ದಾರಿ’ ಅನ್ನುವ ಕಡೆ ‘ಪರಿಶೀಲಿಸಲಾಗಿದೆ’ ಎಂದು ಒಂದೇ ಒಂದು ಶಬ್ದ ಇತ್ತು. ಯಾರು ನೋಡಿದರು, ಯಾವಾಗ ನೋಡಿದರು, ಅದನ್ನು ಬರೆದಿರಲಿಲ್ಲ.

ಒಪ್ಪುಸಭೆ ಬರುವ ಮಂಗಳವಾರ. ಮೇಜನ್ನು ಎಲ್ಲಿ ಹಾಕುತ್ತಾರೆ ಗೊತ್ತೇ? ಗುಡಿಯ ಬಾಗಿಲ ಮುಂದೆಯೇ. ಮೇಜಿಗೆ ಬೆನ್ನು ಮಾಡಿದರೆ ಹೊಳೆಯವ್ವನಿಗೂ ಬೆನ್ನು ಮಾಡಿದಂತೆ. ನಮ್ಮಲ್ಲಿ ಗುಡಿಯಿಂದ ಹೊರಡುವಾಗಲೂ ತಿರುಗುವುದಿಲ್ಲ, ಮುಖ ದೇವಿಯ ಕಡೆ ಇಟ್ಟುಕೊಂಡೇ ಹಿಂದೆ ಹಿಂದೆ ಹೆಜ್ಜೆ ಹಾಕಿ ಹೊಸ್ತಿಲು ದಾಟುತ್ತೇವೆ. ಮೇಜು ಬೇರೆ ಕಡೆ ಹಾಕಿ ಅಂದರೆ ನಿಧಿಯ ಅನಘಾ ಮೇಡಂ, “ನೆರಳು ಇರೋದು ಅಲ್ಲೇ ಅಲ್ವಾ ಅಮ್ಮ” ಎಂದು ನಕ್ಕಳು. ನನ್ನ ನೆಗೆಣ್ಣಿ ಚಂಬವ್ವ ನಗಲಿಲ್ಲ. “ಐವತ್ತು ವರ್ಷ ಗುಡಿ ಸಾರಿಸಿದಾಕಿ ಈಗ ದೇವಿಗೆ ಬೆನ್ನ ತೋರಸ್ತೀಯೇನ? ಕಣ್ಣ ಹೋದಾವು ನೋಡು!” ಅಂದಳು. “ನನಗ ಐವತ್ತು ವಯಸ್ಸು, ಹುಟ್ಟಿದ ಕೂಡಲೇ ಸಾರಿಸಿದೆನೇನ ಯಕ್ಕಾ?” ಅಂತ ಅವಳ ಬಾಯಿ ಮುಚ್ಚಿಸಿದೆ. ಆದರೆ ಎದೆಯಲ್ಲಿ ಹೆದರಿಕೆ ಕೂತಿತು. ಊರಲ್ಲಿ ಒಬ್ಬ ಹೆಣ್ಣುಮಗಳೂ ತಿರುಗಿ ನಿಲ್ಲುತ್ತೇನೆ ಅನ್ನಲಿಲ್ಲ. ಬೇಡವಾದವರೂ ಸುಮ್ಮನೆ ಮೇಜಿನ ಕಡೆ ನೋಡುತ್ತ ನಿಂತುಬಿಡುತ್ತಾರೆ. ಇಪ್ಪತ್ತಮೂರು ಜನ ನಿಂತಂತೆ.

ಮೂರು ದಿನ ದೇವಿಯನ್ನು ಕೇಳಿದೆ. ಹೂವು ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಇವತ್ತು ಸಾರಿಸಿ ಮುಗಿಸಿ, ಪೌಳಿಯ ಗೋಡೆಗೆ ತೂಗುಹಾಕಿದ ನಿನ್ನ ಫೋಟೋ ಒರೆಸುತ್ತಿದ್ದೆ. ಎಷ್ಟು ವರ್ಷದಿಂದ ಒರೆಸಿದ್ದೇನೆ, ನೋಡಿರಲೇ ಇಲ್ಲ. ಆ ಇಪ್ಪತ್ತಮೂರು ಜನ ಕ್ಯಾಮೆರಾ ನೋಡುತ್ತಿದ್ದಾರೆ. ಅವರ ಹಿಂದೆ ಏನಿದೆ? ಗುಡಿ. ಚೆಂದ ಕಾಣಲಿ ಅಂತ ಫೋಟೋದವನು ಗುಡಿ ಹಿಂದೆ ಬರುವಂತೆ ನಿಲ್ಲಿಸಿದ್ದಾನೆ. ನಿನ್ನ ಎರಡೂ ಮೊಣಕೈ ಸ್ವಲ್ಪ ಹೊರಗೆ ಬಂದಿವೆ. ಉಡಿಗೆ ಹಾಕಿದ ಸಾಮಾನು ಕಾಲ ಬಳಿ ನೆಲದ ಮೇಲಿದೆ. ಅವ್ವಾ, ನೀನು ಕೈ ಮುಗಿಯುತ್ತಿದ್ದೆ! ದೇವಿಗೆ ಬೆನ್ನು ಮಾಡಿ ನಿಂತವರು ಅವರು. ನೀನೊಬ್ಬಳೇ ಅವಳ ಕಡೆ ತಿರುಗಿದ್ದೆ.

ನನಗೆ ಇಷ್ಟು ಸಾಕು. ಮಂಗಳವಾರ ನಾನು ಮೇಜಿನ ಮುಂದೆ ನಿಲ್ಲುವುದಿಲ್ಲ. ಮೇಜನ್ನು ಸುತ್ತುಹಾಕಿ, ಗುಡಿಗೆ ಬೆನ್ನಾದ ಅವರ ಕುರ್ಚಿಗಳನ್ನು ದಾಟಿ, ಹೊಸ್ತಿಲ ಹತ್ತಿರ ಹೋಗಿ ಹೊಳೆಯವ್ವನಿಗೆ ಮುಖ ಮಾಡಿ ಕೈ ಮುಗಿದು ನಿಲ್ಲುತ್ತೇನೆ. ನನ್ನ ಬೆನ್ನು ಮೇಜಿನ ಕಡೆಗೇ ಇರುತ್ತದೆ, ಕಟ್ಟಳೆ ಕೇಳುವುದು ಅಷ್ಟನ್ನೇ. ಬೆಂಕಿ ಸುರಿದರೂ ಕದಲುವುದಿಲ್ಲ. ಆಮೇಲೆ ನಿಧಿಯವರು ನನ್ನ ಮನೆಗೆ ಬರಲಿ, ತಂಪುಗುಳಿಯಲ್ಲಿ ಚಾಪೆ ಹಾಸಿ, ನೀರು ಕೊಟ್ಟು, ಹೂಳಿನ ಮಾತನ್ನು ಮೊದಲಿಂದ ಕೇಳುತ್ತೇನೆ.

ಈ ಕಾಗದವನ್ನು ನಾಳೆ ನಿನ್ನ ಊರಿನ ಮೇಲಿನ ನೀರಿಗೆ ಬಿಡುತ್ತೇನೆ. ನಿನಗೆ ಮುಟ್ಟಿದರೆ ಒಂದೇ ಬೇಡಿಕೆ: ಆ ದಿನ ಅವರು ಎಷ್ಟೇ ಕೂಗಿದರೂ ತಿರುಗಬೇಡ. ನಾನೂ ತಿರುಗುವುದಿಲ್ಲ. ನನ್ನ ಬೆನ್ನನ್ನು ಎಣಿಸಬೇಕಾದರೆ ಕುರ್ಚಿಯಲ್ಲಿ ಕೂತವರೇ ತಿರುಗಲಿ. ತಿರುಗಿದರೆ ಅವರಿಗೂ ದೇವಿ ಕಾಣುತ್ತಾಳೆ.

ನಿನ್ನ ಮಗಳ ಮಗಳ ಮಗಳೇ ಆಗಿದ್ದರೂ ಆಗಿರಬಹುದಾದ,
ನೀಲಗಂಗವ್ವ