ದೂರದ ಲೆನ್ಸು

ಜಾದವ್‌ಪುರ
೧೨-೩-೨೦೦೩

ಜಯಕರಣ್ಣನಿಗೆ ವನಜಾಕ್ಷಿಯ ನಮಸ್ಕಾರ.

ಬಲಗಣ್ಣಿನ ಪೊರೆ ತೆಗೆಸಿ ತಿಂಗಳಾಯಿತು. ನಿನ್ನೆ ರೈಫಲ್ ಕ್ಲಬ್ಬಿಗೆ ಹೋಗಿದ್ದೆ. ದೂರದ ಟಾರ್ಗೆಟ್ ನಿಚ್ಚಳ. ಪಿಸ್ತೂಲಿನ ತುದಿಯಲ್ಲಿ ಗುರಿ ಹಿಡಿಯಲೆಂದೇ ಇರುವ ಪುಟ್ಟ ಮೊನೆ, ಫ್ರಂಟ್ ಸೈಟ್, ಮಾತ್ರ ಮಸುಕು. ಗುರಿಯಿಡುವವರು ನೋಡುವುದು ಟಾರ್ಗೆಟನ್ನಲ್ಲ ಮಾರಾಯ, ಆ ಸೈಟನ್ನು! ಪೊರೆ ತೆಗೆದು ಕಣ್ಣೊಳಗೆ ಯಾವ ಲೆನ್ಸು ಕೂರಿಸಬೇಕೆಂದು ಡಾಕ್ಟರು ಕೇಳಿದಾಗ ನಾನು ಪಕ್ಕದಲ್ಲೇ ಕೂತಿದ್ದೆ. "ನಮ್ಮ ವನಜ ಶೂಟರ್ ಅಲ್ವಾ, ದೂರದ್ದೇ ಹಾಕಿ" ಎಂದು ನೀನೇ ಬಾಯಿ ಹಾಕಿದೆ. ಅವರೂ ನನ್ನತ್ತ ತಿರುಗಲಿಲ್ಲ.

ಬಂದ್ ಇಲ್ಲದಿದ್ದರೆ ಸೋಮವಾರ ಎಡಗಣ್ಣಿನ ಆಪರೇಷನ್. ಕಣ್ಣಿನಿಂದ ಸೈಟಿನವರೆಗೆ ಅಳೆದು ನೂಲು ಕತ್ತರಿಸಿಟ್ಟಿದ್ದೇನೆ. ಈ ಕಣ್ಣಿಗೆ ಇಷ್ಟೇ ದೂರದ ಲೆನ್ಸು ಹಾಕಿ ಎಂದು ಅದನ್ನು ಡಾಕ್ಟರಿಗೆ ನಾನೇ ಕೊಡುತ್ತೇನೆ. ನೀನು ಟ್ಯಾಕ್ಸಿ ತಂದರೆ ಸಾಕು. ಒಳಗೆ ಬರಬೇಡ.

ಐವತ್ತೆಂಟಕ್ಕೆ ಎಡಗೈಯಲ್ಲಿ ಪಿಸ್ತೂಲು ಹಿಡಿಯಲು ಕಲಿಯುತ್ತಿರುವ
ನಿನ್ನ ತಂಗಿ,
ವನಜಾಕ್ಷಿ